ಮೂಳೆಗೆ ಹೆಸರು ಕೊಡುವವರು ನೆಂಟರು

1948ರ ಡಿಸೆಂಬರ್ 1ರ ಬೆಳಿಗ್ಗೆ ಆಸ್ಟ್ರೇಲಿಯಾದ ಅಡಿಲೇಡ್ ನಗರದ ಸೋಮರ್ಟನ್ ಕಡಲತೀರದಲ್ಲಿ ಒಬ್ಬ ಗಂಡಸಿನ ಶವ ಸಿಕ್ಕಿತು. ತಡೆಗೋಡೆಗೆ ತಲೆಯಾನಿಸಿ, ಕಾಲು ಚಾಚಿ ಮಲಗಿದ ಹಾಗೇ ಪ್ರಾಣ ಹೋಗಿತ್ತು. ಕೋಟು ತೊಟ್ಟಿದ್ದ, ಟೈ ಕಟ್ಟಿದ್ದ. ಅರ್ಧ ಸೇದಿದ ಸಿಗರೇಟು ಕಾಲರಿನ ಮೇಲೆ ಬಿದ್ದಿತ್ತು. ನಲವತ್ತರಿಂದ ನಲವತ್ತೈದರ ವಯಸ್ಸು. ಜೇಬಿನಲ್ಲಿ ಬಳಸದ ರೈಲು ಟಿಕೆಟ್, ಒಂದು ಬಸ್ ಟಿಕೆಟ್, ಬಾಚಣಿಗೆ, ಬೆಂಕಿಪೊಟ್ಟಣ, ಚ್ಯೂಯಿಂಗ್ ಗಮ್. ಪರ್ಸ್ ಇಲ್ಲ, ಗುರುತು ಹೇಳುವ ಒಂದು ಕಾಗದವೂ ಇಲ್ಲ. ಬಟ್ಟೆಗಳ ಒಳಗಿನ ಲೇಬಲ್‌ಗಳನ್ನೂ ಯಾರೋ ತೆಗೆದುಹಾಕಿದ್ದರು.

ವಿಷಪ್ರಾಶನ ಇರಬೇಕೆಂದು ವೈದ್ಯರು ಶಂಕಿಸಿದರು. ಪರೀಕ್ಷೆಯಲ್ಲಿ ಯಾವ ವಿಷವೂ ಸಿಗಲಿಲ್ಲ. ಬೆರಳಚ್ಚನ್ನು ಹಲವು ದೇಶಗಳಿಗೆ ಕಳಿಸಿದ್ದೂ ವ್ಯರ್ಥವಾಯಿತು. ಜನವರಿಯಲ್ಲಿ ಅಡಿಲೇಡ್ ರೈಲು ನಿಲ್ದಾಣದ ಲಗೇಜ್ ಕೋಣೆಯಲ್ಲಿ ವಾರಸುದಾರರಿಲ್ಲದ ಸೂಟ್‌ಕೇಸೊಂದು ಸಿಕ್ಕಿತು. ಒಳಗಿದ್ದ ಟೈ ಮೇಲೆ ‘ಟಿ. ಕೀನ್’ ಎಂದು ಬರೆದಿತ್ತು. ಆ ಹೆಸರಿನವರು ಕಾಣೆಯಾದ ದೂರು ಎಲ್ಲೂ ದಾಖಲಾಗಿರಲಿಲ್ಲ. ಸತ್ತವನು ತೊಟ್ಟಿದ್ದ ಪ್ಯಾಂಟಿನ ಪುಟ್ಟ ಒಳಜೇಬಿನಲ್ಲಿ ಸುರುಳಿ ಸುತ್ತಿದ ಕಾಗದದ ಚೂರು. ಅದರಲ್ಲಿ ‘ಮುಗಿಯಿತು’ ಎಂಬರ್ಥದ ಎರಡು ಫಾರ್ಸಿ ಪದಗಳು. ಉಮರ್ ಖಯ್ಯಾಮನ ರುಬಾಯಿಯತ್‌ನ ಕೊನೆಯ ಪುಟದಿಂದ ಹರಿದ ಚೂರದು. ಡಿ.ವಿ.ಜಿ. ‘ಉಮರನ ಒಸಗೆ’ಯಾಗಿ ಕನ್ನಡಕ್ಕೆ ತಂದದ್ದು ಇದೇ ಕೃತಿಯನ್ನು. ಮುಂದೆ ಹರಿದ ಪುಟದ ಆ ಪುಸ್ತಕವೂ ಸಿಕ್ಕಿತು. ಅದರ ಹಿಂಬದಿಯಲ್ಲಿ ತಲೆಬುಡ ತಿಳಿಯದ ಅಕ್ಷರಗಳ ಸಾಲುಗಳಿದ್ದವು, ಹತ್ತಿರದಲ್ಲೇ ವಾಸವಿದ್ದ ದಾದಿಯೊಬ್ಬರ ಫೋನ್ ನಂಬರ್ ಇತ್ತು. ಆಕೆ ತನಗೆ ಈತ ಗೊತ್ತಿಲ್ಲವೆಂದರು.

ಇಷ್ಟು ಸಾಕಾಯಿತು. ಶೀತಲ ಸಮರ ಶುರುವಾಗಿದ್ದ ದಿನಗಳು. ಸತ್ತವನು ಗೂಢಚಾರನೇ ಇರಬೇಕು, ಆ ಅಕ್ಷರಗಳು ಸಂಕೇತಲಿಪಿಯೇ ಇರಬೇಕು ಎಂದು ಕಥೆ ಬೆಳೆಯಿತು. ಎಪ್ಪತ್ತು ವರ್ಷ ಪುಸ್ತಕ, ಸಾಕ್ಷ್ಯಚಿತ್ರ, ಚರ್ಚೆಗಳಲ್ಲಿ ಬೆಳೆಯುತ್ತಲೇ ಹೋಯಿತು. ಗೂಢಚಾರನ ವೇಷ ದಪ್ಪವಾದಷ್ಟೂ ಒಳಗಿದ್ದ ಮನುಷ್ಯ ಮರೆಯಾದ. ಅವನಿಗೂ ಒಂದು ಮನೆ ಇದ್ದೀತು, ಯಾರೋ ಬಾಗಿಲು ನೋಡುತ್ತಿದ್ದಾರು ಎಂಬ ಯೋಚನೆ ಆ ಗದ್ದಲದಲ್ಲಿ ಯಾರಿಗೂ ಬಂದಂತಿಲ್ಲ. ನನ್ನನ್ನು ಈ ಪ್ರಕರಣದಲ್ಲಿ ಕಾಡುವುದು ಸಂಕೇತಲಿಪಿಗಿಂತ ಹೆಚ್ಚಾಗಿ ಇದೇ.

1949ರ ಜೂನ್‌ನಲ್ಲಿ ಹೂಳುವ ಮುನ್ನ ಪೊಲೀಸರು ಒಂದು ಒಳ್ಳೆಯ ಕೆಲಸ ಮಾಡಿದರು. ಮುಂದೆಂದಾದರೂ ಯಾರಾದರೂ ಗುರುತು ಹಿಡಿದಾರೆಂದು ಶವದ ತಲೆ, ಭುಜಗಳ ಅಚ್ಚು ತೆಗೆದು ಪ್ಲಾಸ್ಟರ್ ಪ್ರತಿಮೆ ಮಾಡಿಸಿದರು. ಹಾಗೆ ಅಚ್ಚು ತೆಗೆಯುವಾಗ ಸತ್ತವನ ಕೆಲವು ಕೂದಲೆಳೆಗಳು ಪ್ಲಾಸ್ಟರಿನಲ್ಲೇ ಅಂಟಿಕೊಂಡು ಉಳಿದವು. ಡಿಎನ್‌ಎಯ ರಚನೆಯೇ ತಿಳಿದಿರದ ಕಾಲ ಅದು. ವಾಟ್ಸನ್ ಮತ್ತು ಕ್ರಿಕ್ ಆ ರಚನೆಯನ್ನು ಪ್ರಕಟಿಸಲು ಇನ್ನೂ ನಾಲ್ಕು ವರ್ಷವಿತ್ತು.

ಅಡಿಲೇಡ್ ವಿಶ್ವವಿದ್ಯಾಲಯದ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕ ಡೆರೆಕ್ ಆ್ಯಬಟ್ ವರ್ಷಗಟ್ಟಲೆ ಈ ಪ್ರಕರಣದ ಬೆನ್ನು ಹತ್ತಿದ್ದರು. ಆ ಕೂದಲು ಅವರ ಕೈಗೆ ಬಂತು. ಅಮೆರಿಕದ ವಂಶಾವಳಿ ತಜ್ಞೆ ಕಾಲೀನ್ ಫಿಟ್ಜ್‌ಪ್ಯಾಟ್ರಿಕ್ ಜೊತೆಯಾದರು. 2022ರ ಜುಲೈನಲ್ಲಿ ಇಬ್ಬರೂ ಸೇರಿ ಒಂದು ಹೆಸರು ಹೇಳಿದರು: ಕಾರ್ಲ್ ವೆಬ್, ಮೆಲ್ಬರ್ನ್‌ನ ಫುಟ್ಸ್‌ಕ್ರೇ ಬಡಾವಣೆಯಲ್ಲಿ 1905ರಲ್ಲಿ ಹುಟ್ಟಿದವನು, ವಿದ್ಯುತ್ ಉಪಕರಣ ತಯಾರಿಸುವ ಕಸುಬಿನವನು. ಆರು ಮಕ್ಕಳಲ್ಲಿ ಕೊನೆಯವನು. ಅಕ್ಕನ ಗಂಡನ ಹೆಸರು ಥಾಮಸ್ ಕೀನ್. ಟೈ ಮೇಲಿದ್ದದ್ದು ಭಾವನ ಹೆಸರು. ಮನೆಮಂದಿಯ ಬಟ್ಟೆ ಅದಲುಬದಲಾಗಿ ಬಳಕೆಯಾಗುವುದು ಎಲ್ಲ ಊರಲ್ಲೂ ಇದ್ದದ್ದೇ.

1941ರಲ್ಲಿ ವೆಬ್‌ನ ಮದುವೆಯಾಯಿತು, ಸಂಸಾರ ಹೊಂದಲಿಲ್ಲ. ಆತ ಕವಿತೆ ಬರೆಯುತ್ತಿದ್ದ, ಹೆಚ್ಚಿನವು ಸಾವಿನ ಕುರಿತೇ ಎಂದು ಹೆಂಡತಿ ನ್ಯಾಯಾಲಯಕ್ಕೆ ಹೇಳಿದ್ದು ವಿಚ್ಛೇದನದ ಕಡತದಲ್ಲಿದೆ. ಆಕೆ ಅಡಿಲೇಡ್‌ನಿಂದ ಹೆಚ್ಚು ದೂರವಿಲ್ಲದ ಬ್ಯೂಟ್ ಎಂಬ ಊರಿಗೆ ಬಂದು ನೆಲೆಸಿದ್ದರು. ಗಂಡ ತನ್ನನ್ನು ತೊರೆದು ಹೋಗಿದ್ದಾನೆ, ವಿಚ್ಛೇದನ ಕೊಡಿಸಿ ಎಂದು 1951ರಲ್ಲಿ ಕೋರ್ಟಿಗೆ ಹೋದರು, ಪತ್ರಿಕೆಯಲ್ಲಿ ನೋಟಿಸ್ ಹಾಕಿಸಿದರು. ಆ ನೋಟಿಸ್‌ಗೆ ಉತ್ತರ ಕೊಡಬೇಕಾದವನು ಅಡಿಲೇಡ್‌ನ ವೆಸ್ಟ್ ಟೆರೇಸ್ ಸ್ಮಶಾನದಲ್ಲಿ, ಅಪರಿಚಿತ ಎಂದು ಕೊರೆದ ಕಲ್ಲಿನ ಕೆಳಗೆ ಮಣ್ಣಾಗಿ ಎರಡು ವರ್ಷದ ಮೇಲಾಗಿತ್ತು. ದೇಶವೆಲ್ಲ ಮಾತಾಡುತ್ತಿದ್ದ ಅನಾಮಿಕ ಶವ ತನ್ನ ಗಂಡನದೇ ಎಂದು ಆಕೆಗೆ ಯಾರೂ ಹೇಳಲಿಲ್ಲ, ಹೇಳಬಲ್ಲವರು ಯಾರೂ ಇರಲಿಲ್ಲ.

ಆ್ಯಬಟ್ ಹೆಸರು ಘೋಷಿಸಿದ ದಿನ ಅಲ್ಲಿನ ಪೊಲೀಸರು ಅದಕ್ಕೆ ಮುದ್ರೆ ಒತ್ತಲಿಲ್ಲ. 2021ರ ಮೇ ತಿಂಗಳಲ್ಲಿ ಅವರೇ ಗೋರಿ ಅಗೆಸಿ ಅವಶೇಷ ತೆಗೆಸಿದ್ದರು. ಸರ್ಕಾರಿ ಲ್ಯಾಬಿನ ಪರೀಕ್ಷೆ ಬೇರೆಯಾಗಿಯೇ ನಡೆದಿತ್ತು. ಸಾವು ಹೇಗಾಯಿತು ಎಂಬುದೂ ಹೆಸರಿನಿಂದ ಬಗೆಹರಿಯಲಿಲ್ಲ. ಆದರೂ ಒಂದು ಕೂದಲಿನಿಂದ ಒಂದು ಮನೆತನದವರೆಗೆ ಹೋದ ಆ ದಾರಿಯನ್ನು ನಾವು ಬಿಡಿಸಿ ನೋಡಬೇಕು. ಅದರಲ್ಲಿ ನಮಗೆ ದಕ್ಕುವುದೆಷ್ಟು, ದಕ್ಕದ್ದೆಷ್ಟು ಎಂಬುದು ಆಗ ತಿಳಿಯುತ್ತದೆ.

ಡಿಎನ್‌ಎ ಪರೀಕ್ಷೆ ಎಂದರೆ ಲ್ಯಾಬಿಗೆ ಮೂಳೆ ಕೊಟ್ಟು ಹೆಸರು ಪಡೆಯುವುದು ಎಂಬ ನಂಬಿಕೆ ಸುದ್ದಿವಾಹಿನಿಗಳಿಂದ ಹಿಡಿದು ಹಳ್ಳಿಕಟ್ಟೆಯವರೆಗೂ ಇದೆ. ಡಿಎನ್‌ಎಯಲ್ಲಿ ಯಾರ ಹೆಸರೂ ಬರೆದಿರುವುದಿಲ್ಲ. ಅದರಿಂದ ತಿಳಿಯುವುದು ಸಂಬಂಧವೊಂದೇ: ಇವನು ಆಕೆಯ ಮಗ, ಇವರಿಬ್ಬರೂ ಒಡಹುಟ್ಟಿದವರು, ಇವರ ಅಜ್ಜ ಒಬ್ಬನೇ. ಸಂಬಂಧ ತಿಳಿಯಬೇಕಾದರೆ ಇನ್ನೊಬ್ಬರು ಬೇಕು.

1984ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಅಲೆಕ್ ಜೆಫ್ರೀಸ್ ಕಂಡುಹಿಡಿದ ಡಿಎನ್‌ಎ ಬೆರಳಚ್ಚು ಮುಂದೆ ಹಲವು ರೂಪ ಪಡೆದು ಇಂದಿನ ಪೊಲೀಸ್ ಲ್ಯಾಬುಗಳಿಗೆ ಬಂದಿದೆ. ನಮ್ಮ ವರ್ಣತಂತುಗಳ ಮೇಲೆ ಕೆಲವು ಜಾಗಗಳಲ್ಲಿ ಪುಟ್ಟದೊಂದು ಅಕ್ಷರಗುಚ್ಛ ಮತ್ತೆ ಮತ್ತೆ ಬರುತ್ತದೆ. ನನಗೆ ಹನ್ನೊಂದು ಸಲ, ನಿಮಗೆ ಹದಿನಾಲ್ಕು ಸಲ. ಇಂಥ ಇಪ್ಪತ್ತರಷ್ಟು ಜಾಗಗಳನ್ನು ಆರಿಸಿ, ತಾಯಿಯಿಂದ ಬಂದ ಎಣಿಕೆ, ತಂದೆಯಿಂದ ಬಂದ ಎಣಿಕೆ ಎರಡನ್ನೂ ಬರೆದಿಟ್ಟರೆ ಆ ವ್ಯಕ್ತಿಯ ಪ್ರೊಫೈಲ್ ಸಿದ್ಧ. ತಂದೆ ತಾಯಿಯ ಪ್ರೊಫೈಲ್ ಪಕ್ಕಕ್ಕಿಟ್ಟರೆ ಪ್ರತಿ ಜಾಗದಲ್ಲೂ ಒಂದು ಅಂಕಿ ಅಮ್ಮನದು, ಒಂದು ಅಪ್ಪನದು ಎಂದು ಕೂಡಿಬರುತ್ತದೆ.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಗಂಗಾವಳಿ ನದಿ ಸೇರಿದ ಲಾರಿಯನ್ನು ಎರಡು ತಿಂಗಳ ಮೇಲೆ, ಸೆಪ್ಟೆಂಬರ್ ಕೊನೆಯಲ್ಲಿ ಮೇಲೆತ್ತಿದರು. ಒಳಗೆ ಸಿಕ್ಕ ಅವಶೇಷ ಅದರ ಕೇರಳ ಮೂಲದ ಚಾಲಕನದೇ ಎಂದು ಖಚಿತವಾದದ್ದು ಈ ಪರೀಕ್ಷೆಯಿಂದ. ಅದಕ್ಕೂ ಹಿಂದೆ, 1991ರಲ್ಲಿ ಬೆಂಗಳೂರಿನಲ್ಲಿ ಕಣ್ಮರೆಯಾದ, ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳ ಅಸ್ಥಿಪಂಜರ 1994ರಲ್ಲಿ ಅವರದೇ ಮನೆಯ ಆವರಣದ ನೆಲದಡಿ ಸಿಕ್ಕಾಗಲೂ ಡಿಎನ್‌ಎ ಸಾಕ್ಷ್ಯ ನ್ಯಾಯಾಲಯದ ಮುಂದೆ ಬಂತು. ಎರಡರಲ್ಲೂ ಪೊಲೀಸರಿಗೆ ಅನುಮಾನವಿತ್ತು, ಯಾರ ಮನೆಗೆ ಹೋಗಿ ಮಾದರಿ ಕೇಳಬೇಕೆಂದು ಗೊತ್ತಿತ್ತು. ತಾಳೆ ನೋಡುವುದಷ್ಟೇ ಉಳಿದಿತ್ತು.

ಸೋಮರ್ಟನ್ನಿನ ಶವಕ್ಕೆ ತಾಳೆ ನೋಡಲು ಯಾರೂ ಇರಲಿಲ್ಲ. ಇಪ್ಪತ್ತು ಜಾಗಗಳ ಪ್ರೊಫೈಲ್ ತೆಗೆದಿದ್ದರೂ ಅದು ಬೀರುವಿನಲ್ಲಿ ಕೂತಿರುತ್ತಿತ್ತು. ತಂದೆ, ತಾಯಿ, ಮಕ್ಕಳು, ಒಡಹುಟ್ಟಿದವರನ್ನು ದಾಟಿ ಆ ಪ್ರೊಫೈಲಿನ ನೋಟ ಆಚೆಗೆ ಹೋಗುವುದಿಲ್ಲ. ದೂರದ ನೆಂಟರನ್ನು ಹುಡುಕಬೇಕಾದರೆ ಲಕ್ಷಗಟ್ಟಲೆ ಜಾಗಗಳನ್ನು ನೋಡಬೇಕು. ಒಂದೇ ಒಂದು ಅಕ್ಷರ ಒಬ್ಬರಲ್ಲಿ ಹೀಗೆ, ಇನ್ನೊಬ್ಬರಲ್ಲಿ ಹಾಗೆ ಇರುವ ಜಾಗಗಳವು. ವಿಜ್ಞಾನಿಗಳು ಸ್ನಿಪ್ ಎನ್ನುತ್ತಾರೆ.

ಕೂದಲಿನ ತೊಡಕು ಬೇರೆ. ಬುಡ ಸಮೇತ ಕಿತ್ತುಬಂದ ಕೂದಲಾದರೆ ಬುಡದಲ್ಲಿ ಜೀವಕೋಶಗಳಿರುತ್ತವೆ. ಬುಡವಿಲ್ಲದ ಬರಿಯ ಎಳೆಯಲ್ಲಿ ಪೂರ್ತಿ ಡಿಎನ್‌ಎ ಇರುವುದೇ ಇಲ್ಲವೆಂದು ಬಹುಕಾಲ ನಂಬಿದ್ದರು. ಇರುತ್ತದೆ, ಗೆದ್ದಲು ತಿಂದ ಕಡತದ ಹಾಗೆ. ಒಂದು ಪುಟವೂ ಇಡಿಯಾಗಿಲ್ಲ, ಒಂದೆರಡು ಪದ ಉಳಿದ ಕೋಟಿಗಟ್ಟಲೆ ಚೂರುಗಳಿವೆ. ಅದೇ ಪದ ಹತ್ತು ಸಲ ಬಂದಿತ್ತೋ ಹನ್ನೊಂದು ಸಲವೋ ಎಂದು ಆ ಚೂರಿನಿಂದ ಹೇಳಲಾಗದು, ಆದ್ದರಿಂದ ಹಳೆಯ ವಿಧಾನ ಇಲ್ಲಿ ಕೈಕೊಡುತ್ತದೆ. ಒಂದಕ್ಷರದ ವ್ಯತ್ಯಾಸ ಮಾತ್ರ ಎಷ್ಟು ಚಿಕ್ಕ ಚೂರಿನಲ್ಲೂ ಕಾಣುತ್ತದೆ. ಈ ಕೆಲಸದ ಹಿಂದಿರುವ ಹೆಸರು ಕ್ಯಾಲಿಫೋರ್ನಿಯಾದ ಸ್ಯಾಂಟಾ ಕ್ರೂಜ್‌ನ ಎಡ್ ಗ್ರೀನ್. ನಿಯಾಂಡರ್ಥಲ್ ಮಾನವನ ಸಾವಿರಾರು ವರ್ಷ ಹಳೆಯ ಮೂಳೆಗಳಿಂದ ಜೀನೋಮ್ ಓದಿ 2010ರಲ್ಲಿ ಪ್ರಕಟಿಸಿದ ತಂಡದ ಮುಂಚೂಣಿಯಲ್ಲಿದ್ದವರು ಅವರು. ಆದಿಮಾನವನ ಚೂರುಗಳನ್ನು ಜೋಡಿಸಲು ಕಟ್ಟಿದ ವಿದ್ಯೆ ನಿನ್ನೆ ಮೊನ್ನೆ ಸತ್ತವರ ಕೂದಲಿಗೂ ಒದಗಿತು.

ಮೈಟೊಕಾಂಡ್ರಿಯದ ಡಿಎನ್‌ಎ ಎಂಬುದೂ ಒಂದಿದೆ. ತಾಯಿಯಿಂದ ಮಾತ್ರ ಬರುವಂಥದ್ದು, ಹಳೆಯ ಮೂಳೆ, ಕೂದಲುಗಳಲ್ಲಿ ಹೆಚ್ಚು ಉಳಿಯುವಂಥದ್ದು. 2012ರಲ್ಲಿ ಲೆಸ್ಟರ್‌ನ ಕಾರ್ ಪಾರ್ಕಿಂಗ್ ಅಡಿಯಲ್ಲಿ ಸಿಕ್ಕ ಅಸ್ಥಿಪಂಜರ ಮೂರನೆಯ ರಿಚರ್ಡ್ ದೊರೆಯದೇ ಎಂದು ತೀರ್ಮಾನಿಸಲು ಅವನ ಅಕ್ಕನ ಹೆಣ್ಣುಕುಡಿಗಳ ಸಾಲಿನಲ್ಲಿ ಇಂದಿಗೂ ಬದುಕಿರುವವರನ್ನು ಹುಡುಕಬೇಕಾಯಿತು. ಇದರ ಮಿತಿ ಏನೆಂದರೆ, ಒಂದೇ ಮೈಟೊಕಾಂಡ್ರಿಯ ಸಾವಿರಾರು ಜನರಲ್ಲಿರಬಹುದು. ‘ಇವನಲ್ಲ’ ಎಂದು ಗಟ್ಟಿಯಾಗಿ ಹೇಳಲು ಒಳ್ಳೆಯದು, ‘ಇವನೇ’ ಎನ್ನಲು ಬೇರೆ ಆಧಾರಗಳೂ ಬೇಕು.

ಇನ್ನು ನೆಂಟರ ಲೆಕ್ಕ. ತಂದೆಯಿಂದ ಮಗುವಿಗೆ ಬರುವುದು ಅರ್ಧ ಡಿಎನ್‌ಎ. ದೊಡ್ಡಪ್ಪ, ಚಿಕ್ಕಪ್ಪ, ಅತ್ತೆ, ಮಾವಂದಿರ ಮಕ್ಕಳ ಜೊತೆ ನಾವು ಹಂಚಿಕೊಂಡಿರುವುದು ಸರಾಸರಿ ಶೇ 12.5. ಮುತ್ತಜ್ಜ ಒಬ್ಬನೇ ಆಗಿರುವ ದಾಯಾದಿಗಳ ಜೊತೆ ಶೇ 3ರಷ್ಟು. ಇನ್ನೂ ಒಂದು ತಲೆಮಾರು ಹಿಂದೆ ಕೂಡುವವರ ಜೊತೆ ಶೇ 1ಕ್ಕೂ ಕಡಿಮೆ. ಹಂಚಿಕೊಂಡ ತುಣುಕು ಉದ್ದವಾಗಿದ್ದಷ್ಟೂ ನೆಂಟಸ್ತನ ಹತ್ತಿರದ್ದು. ಅಮೆರಿಕ, ಯುರೋಪಿನಲ್ಲಿ ಲಕ್ಷಾಂತರ ಜನ ತಮ್ಮ ಪೂರ್ವಜರನ್ನು ತಿಳಿಯುವ ಹಂಬಲದಿಂದ ಎಂಜಲು ಕೊಟ್ಟು ಡಿಎನ್‌ಎ ವರದಿ ಪಡೆದಿದ್ದಾರೆ. ಅದನ್ನು ‘ಜೆಡ್‌ಮ್ಯಾಚ್’ನಂಥ ತಾಣಗಳಿಗೆ ಹಾಕಿ ದೂರದ ನೆಂಟರನ್ನು ಹುಡುಕುತ್ತಾರೆ. ಅನಾಮಿಕ ಶವದ ವರದಿಯನ್ನು ಅಲ್ಲಿಗೆ ಹಾಕಿದರೆ ಅದಕ್ಕೂ ನೆಂಟರು ಸಿಗುತ್ತಾರೆ. ಸಿಕ್ಕವರ ಮುತ್ತಜ್ಜಂದಿರಿಂದ ಕೆಳಗಿಳಿಯುತ್ತಾ ಎಲ್ಲ ಕವಲುಗಳನ್ನೂ ಬರೆಯಬೇಕು. ಜನನ-ಮರಣ ನೋಂದಣಿ, ಮತದಾರರ ಪಟ್ಟಿ, ಹಳೆಯ ಪತ್ರಿಕೆಗಳನ್ನು ಜಾಲಾಡಬೇಕು. ವೆಬ್‌ನಿಗಾಗಿ ಕಟ್ಟಿದ ವಂಶವೃಕ್ಷದಲ್ಲಿ ಸುಮಾರು 4,000 ಜನರಿದ್ದರು. ಅಷ್ಟರಲ್ಲಿ ಮರಣದ ದಾಖಲೆಯೇ ಇಲ್ಲದೆ ಕಾಣೆಯಾದ ಒಬ್ಬನ ಮೇಲೆ ಕಣ್ಣು ನಿಂತಿತು. ಆಮೇಲೆ ತಾಯಿಯ ಕಡೆಯ ನೆಂಟರ ಮಾದರಿಯಿಂದ ಮತ್ತೆ ತಾಳೆ ನೋಡಿದರು.

ಇದೇ ಫಿಟ್ಜ್‌ಪ್ಯಾಟ್ರಿಕ್, ಮಾರ್ಗರೆಟ್ ಪ್ರೆಸ್ ಎಂಬವರೊಂದಿಗೆ 2017ರಲ್ಲಿ ‘ಡಿಎನ್‌ಎ ಡೋ ಪ್ರಾಜೆಕ್ಟ್’ ಎಂಬ ಸ್ವಯಂಸೇವಾ ಸಂಸ್ಥೆ ಕಟ್ಟಿದರು. ಅವರ ಮೊದಲ ದೊಡ್ಡ ಯಶಸ್ಸು ಅಮೆರಿಕದ ಒಹಾಯೊ ರಾಜ್ಯದ ರಸ್ತೆ ಬದಿಯಲ್ಲಿ 1981ರ ಏಪ್ರಿಲ್‌ನಲ್ಲಿ ಸಿಕ್ಕ ಯುವತಿಯ ಶವದ್ದು. ಜಿಂಕೆಚರ್ಮದ ಕೋಟು ತೊಟ್ಟಿದ್ದಳೆಂದು ಅದೇ ಅವಳ ಗುರುತಾಗಿ, 37 ವರ್ಷ ಅದೇ ಹೆಸರಾಗಿ ಉಳಿಯಿತು. ಆಗಲೇ ತೆಗೆದಿಟ್ಟಿದ್ದ ರಕ್ತದಿಂದ 2018ರಲ್ಲಿ ಪ್ರೊಫೈಲ್ ತೆಗೆದು ತಾಣಕ್ಕೆ ಹಾಕಿದ ನಾಲ್ಕೇ ಗಂಟೆಯಲ್ಲಿ ಯಾರೆಂದು ತಿಳಿಯಿತು. ಅರ್ಕಾನ್ಸಾ ರಾಜ್ಯದ ಹುಡುಗಿ, ಸಾಯುವಾಗ 21 ವರ್ಷ. ಮಗಳು ಎಂದಾದರೂ ಫೋನ್ ಮಾಡಿಯಾಳೆಂದು ತಾಯಿ ಮನೆ ಬಿಟ್ಟಿರಲಿಲ್ಲ, ಫೋನ್ ನಂಬರನ್ನೂ ಬದಲಿಸಿರಲಿಲ್ಲ. ಕೊಂದವರು ಯಾರೆಂಬುದು ಆ ನಾಲ್ಕು ಗಂಟೆಯಲ್ಲಿ ಬಗೆಹರಿಯುವ ಪ್ರಶ್ನೆಯಾಗಿರಲಿಲ್ಲ. ಆದರೆ ಸತ್ತವಳು ಯಾರೆಂದೇ ತಿಳಿಯದಿದ್ದರೆ ಆ ಪ್ರಶ್ನೆಯನ್ನು ಎಲ್ಲಿಂದ ಶುರು ಮಾಡುವುದು? ಕೊನೆಗೆ ಯಾರ ಜೊತೆಗಿದ್ದಳು, ಯಾರನ್ನು ನಂಬಿ ಮನೆ ಬಿಟ್ಟಳು ಎಂದು ವಿಚಾರಿಸಲು ಮೊದಲು ಒಂದು ಹೆಸರು ಬೇಕು.

ಇಂಥ ಸುದ್ದಿ ಓದಿದಾಗ ನಮ್ಮಲ್ಲೂ ಹೀಗೇ ಮಾಡಬಹುದಲ್ಲ ಎನಿಸುವುದು ಸಹಜ. ಮಾಡಲಾಗದು, ಅಥವಾ ತುಂಬ ಕಷ್ಟ. 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಲೆಕ್ಕಾಚಾರದ ಪ್ರಕಾರ ಯುರೋಪ್ ಮೂಲದ ಅಮೆರಿಕನ್ನರಲ್ಲಿ ಶೇ 60ರಷ್ಟು ಮಂದಿಗೆ ಇಂಥ ಭಂಡಾರದಲ್ಲಿ ಮುಮ್ಮುತ್ತಜ್ಜನ ಕಡೆಯ ನೆಂಟರೋ ಅದಕ್ಕೂ ಹತ್ತಿರದವರೋ ಸಿಗುತ್ತಾರೆ. ಅಮೆರಿಕದಲ್ಲೇ ಕಪ್ಪುಜನರ, ಮೂಲನಿವಾಸಿಗಳ, ವಲಸೆ ಬಂದ ಕೂಲಿಗಳ ಶವಗಳಿಗೆ ಆ ಭಾಗ್ಯ ಕಡಿಮೆ; ಅವರ ನೆಂಟರಲ್ಲಿ ಎಂಜಲು ಕೊಟ್ಟು ಪೂರ್ವಜರನ್ನು ಹುಡುಕುವ ಹವ್ಯಾಸದವರು ಕಡಿಮೆ. ಭಾರತೀಯರ ಮಟ್ಟಿಗಂತೂ ಆ ಭಂಡಾರ ಹೆಚ್ಚುಕಡಿಮೆ ಖಾಲಿ.

ಭಂಡಾರ ತುಂಬಿದರೂ ಲೆಕ್ಕ ಸರಿಯಾಗುವುದಿಲ್ಲ. ಅಕ್ಕನ ಮಗಳನ್ನು ಮದುವೆಯಾಗುವುದು, ಸೋದರಮಾವನ ಮಗಳನ್ನೋ ಸೋದರತ್ತೆಯ ಮಗಳನ್ನೋ ತರುವುದು ನಮ್ಮ ಸೀಮೆಯಲ್ಲಿ ತಲೆತಲಾಂತರದ ರೂಢಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವಂತೆ ಕರ್ನಾಟಕದಲ್ಲಿ ಇಂದಿಗೂ ಸುಮಾರು ನಾಲ್ಕರಲ್ಲಿ ಒಂದು ಮದುವೆ ರಕ್ತಸಂಬಂಧದಲ್ಲೇ ಆಗುತ್ತದೆ. ಅಕ್ಕನ ಮಗಳನ್ನೇ ಮದುವೆಯಾದವನ ಮಗುವಿಗೆ ತಾಯಿಯ ತಾಯಿ ತಂದೆಯ ಅಕ್ಕನೂ ಹೌದು. ವಂಶವೃಕ್ಷದಲ್ಲಿ ಒಬ್ಬಳೇ ಹೆಂಗಸು ಎರಡು ಕೊಂಬೆಗಳಲ್ಲಿ ಕೂತಿರುತ್ತಾಳೆ. ಇಬ್ಬರು ದೂರದ ದಾಯಾದಿಗಳ ಡಿಎನ್‌ಎ ತೆಗೆದರೆ ಹತ್ತಿರದ ನೆಂಟರಂತೆ ಕಾಣುತ್ತದೆ. ಮದುವೆ ಹತ್ತಿರದ ಸಂಬಂಧದಲ್ಲಿ ಆಗದಿದ್ದರೂ ಜಾತಿಯೊಳಗೇ ಆಗುವುದರಿಂದ ಇದೇ ಗೋಜಲು. ಹೈದರಾಬಾದಿನ ಜೀವಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದ (ಸಿಸಿಎಂಬಿ) ಕೆ. ತಂಗರಾಜ್ ಮತ್ತು ಹಾರ್ವರ್ಡ್‌ನ ಡೇವಿಡ್ ರೈಖ್ ತಂಡ 2017ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ: ಭಾರತದ ಹಲವಾರು ಸಮುದಾಯಗಳು ಬೆರಳೆಣಿಕೆಯ ಪೂರ್ವಜರಿಂದ ಬೆಳೆದು, ಹೊರಗಿನವರೊಂದಿಗೆ ಬೆರೆಯದೆ ಉಳಿದಿವೆ. ಅಮೆರಿಕದಲ್ಲಿ ಮುತ್ತಜ್ಜನ ಕಡೆಯ ನೆಂಟಸ್ತನವನ್ನು ಖಚಿತವಾಗಿ ಸೂಚಿಸುವ ತುಣುಕು ಇಲ್ಲಿ ಇಡೀ ಒಂದು ಜಾತಿಯನ್ನಷ್ಟೇ ತೋರಿಸೀತು.

ಕಾಗದಪತ್ರದ ಕಥೆಯೂ ಅಷ್ಟೇ. ನಮ್ಮಲ್ಲಿ ಮುತ್ತಜ್ಜಿಯ ಹೆಸರು ಸರ್ಕಾರಿ ಪುಸ್ತಕದಲ್ಲಿರುವ ಮನೆಗಳೆಷ್ಟು? ವಂಶಾವಳಿ ಉಳಿದಿರುವುದು ಬೇರೆ ಕಡೆ. ಎತ್ತಿನ ಮೇಲೆ ಕೂತು ಊರಿಂದೂರಿಗೆ ಬಂದು, ಮನೆಯ ಮುಂದೆ ನಿಂತು ಆ ಮನೆತನದ ಹಿರಿಯರ ಹೆಸರುಗಳನ್ನು ಒಂದೊಂದಾಗಿ ಹೇಳುವ ಹೆಳವರ ನೆನಪಿನಲ್ಲಿ, ಅವರ ಹೊತ್ತಗೆಗಳಲ್ಲಿ ಅದು ಉಳಿದಿದೆ. ಮೂಲ ಊರು ಯಾವುದು, ಯಾವ ಅಣ್ಣ ಎಲ್ಲಿಗೆ ವಲಸೆ ಹೋದ ಎಂಬುದೆಲ್ಲ ಅವರಿಗೆ ಗೊತ್ತು. ಅದನ್ನು ದಾಖಲಿಸಿ ಇಡುವ ಕೆಲಸ ಆಗಲೇಬೇಕಾದದ್ದು. ಆದರೆ ಪೊಲೀಸ್ ತನಿಖೆಗೆ ಅಷ್ಟನ್ನೇ ನೆಚ್ಚಿ ಕೂರಲಾಗದು.

ನೆಂಟರೇ ಸಿಗದ ಮೂಳೆಯಿಂದ ಎಷ್ಟು ತಿಳಿಯಬಹುದು ಎಂಬುದಕ್ಕೆ ಪಂಜಾಬಿನ ಅಜ್ನಾಲಾ ಸಾಕ್ಷಿ. ಅಮೃತಸರದ ಹತ್ತಿರದ ಆ ಊರಿನ ಹಳೆಯ ಬಾವಿಯನ್ನು 2014ರಲ್ಲಿ ಅಗೆದಾಗ ರಾಶಿ ರಾಶಿ ಮನುಷ್ಯರ ಮೂಳೆ, ಹಲ್ಲುಗಳು ಬಂದವು. 1947ರ ವಿಭಜನೆಯ ಗಲಭೆಯಲ್ಲಿ ಸತ್ತವರೆಂದು ಕೆಲವರೆಂದರು. 1857ರಲ್ಲಿ ದಂಗೆಯೆದ್ದ 26ನೆಯ ಬಂಗಾಳ ಕಾಲಾಳು ಪಡೆಯ ಸಿಪಾಯಿಗಳೆಂದು ಇನ್ನು ಕೆಲವರೆಂದರು. ಅವರನ್ನು ಕೊಲ್ಲಿಸಿ ಬಾವಿಗೆ ಹಾಕಿಸಿದ್ದನ್ನು ಅಂದಿನ ಅಮೃತಸರದ ಡೆಪ್ಯುಟಿ ಕಮಿಷನರ್ ಫ್ರೆಡರಿಕ್ ಕೂಪರ್ ತಾನೇ ಪುಸ್ತಕದಲ್ಲಿ ಬರೆದುಕೊಂಡಿದ್ದ. ಪಂಜಾಬ್ ವಿಶ್ವವಿದ್ಯಾಲಯದ ಜೆ.ಎಸ್. ಸೆಹ್ರಾವತ್, ಸಿಸಿಎಂಬಿ, ಲಖನೌದ ಬೀರಬಲ್ ಸಾಹ್ನಿ ಸಂಸ್ಥೆ, ಬನಾರಸ್ ಹಿಂದೂ ವಿಶ್ವವಿದ್ಯಾಲಯದ ವಿಜ್ಞಾನಿಗಳು ಕೂಡಿ 50 ಹಲ್ಲುಗಳ ಮೈಟೊಕಾಂಡ್ರಿಯ ಡಿಎನ್‌ಎ ನೋಡಿದರು, 85 ಹಲ್ಲುಗಳ ಆಮ್ಲಜನಕ, ಇಂಗಾಲದ ಐಸೊಟೋಪುಗಳನ್ನು ಅಳೆದರು. ಬಾಲ್ಯದಲ್ಲಿ ಕುಡಿದ ನೀರು, ತಿಂದ ಅನ್ನದ ಗುರುತು ಹಲ್ಲಿನಲ್ಲಿ ಜೀವಮಾನವಿಡೀ ಉಳಿಯುತ್ತದೆ. 2022ರಲ್ಲಿ ಪ್ರಕಟವಾದ ಫಲಿತಾಂಶ: ಇವರು ಪಂಜಾಬಿನವರಲ್ಲ, ಗಂಗಾ ಬಯಲಿನವರು. ಎರಡನೆಯ ವಾದಕ್ಕೆ ಬಲ ಬಂತು. ಅಲ್ಲಿಗೆ ದಾರಿ ನಿಂತಿತು. ಬಿಹಾರ, ಅವಧದ ಯಾವ ಹಳ್ಳಿಯ ಯಾವ ಮನೆಯವರು ಇವರ ಕುಡಿಗಳೆಂದು ಯಾರಿಗೆ ಗೊತ್ತು? ಒಬ್ಬನೇ ಒಬ್ಬನಿಗೂ ಹೆಸರು ಮರಳಲಿಲ್ಲ. ಅಗೆತವನ್ನಾದರೂ ತಜ್ಞರ ಕೈಗೆ ಕೊಡದೆ ಆತುರದಲ್ಲಿ ಮಾಡಿದ್ದರಿಂದ ಮೂಳೆಗಳು ಚೂರಾಗಿ, ಯಾವುದು ಯಾರದೆಂದು ಬೆರೆತುಹೋದವು. ಬೇಸರದ ಸಂಗತಿ ಅದು.

ನಮಗೆ ಒಗ್ಗುವ ದಾರಿ ಬೋಸ್ನಿಯಾದ್ದು ಎಂದು ನನ್ನ ಖಚಿತ ಅಭಿಪ್ರಾಯ. 1995ರ ಜುಲೈನಲ್ಲಿ ಸ್ರೆಬ್ರೆನಿತ್ಸಾದಲ್ಲಿ ಸುಮಾರು 8,000 ಮುಸ್ಲಿಂ ಗಂಡಸರನ್ನೂ ಹುಡುಗರನ್ನೂ ಸರ್ಬ್ ಪಡೆಗಳು ಕೊಂದು ಸಾಮೂಹಿಕ ಗೋರಿಗಳಲ್ಲಿ ಹೂತವು. ಸುದ್ದಿ ಹೊರಬೀಳುವ ಸೂಚನೆ ಸಿಗುತ್ತಲೇ ಬುಲ್ಡೋಜರ್‌ಗಳಿಂದ ಗೋರಿಗಳನ್ನು ಬಗೆದು ದೂರದ ಬೇರೆ ಗುಂಡಿಗಳಿಗೆ ಸಾಗಿಸಿದರು. ಒಬ್ಬನ ತೊಡೆಮೂಳೆ ಒಂದೆಡೆ, ತಲೆಬುರುಡೆ ಮೈಲಿಗಳಾಚೆ. ಬಟ್ಟೆ, ಹಲ್ಲು, ಜೇಬಿನ ವಸ್ತು ನೋಡಿ ಗುರುತಿಸುವ ಹಳೆಯ ಕ್ರಮದಲ್ಲಿ ಮೊದಲ ಕೆಲವು ವರ್ಷ ಬೆರಳೆಣಿಕೆಯ ಹೆಸರುಗಳಷ್ಟೇ ಸಿಕ್ಕವು. ಆಮೇಲೆ ಕಾಣೆಯಾದವರ ಕುರಿತ ಅಂತರರಾಷ್ಟ್ರೀಯ ಆಯೋಗ ಇಡೀ ಕೆಲಸವನ್ನು ತಿರುವಿಹಾಕಿತು. ಮೊದಲು ನೆಂಟರ ಬಳಿ ಹೋಯಿತು. ಊರೂರಿನಲ್ಲಿ, ನಿರಾಶ್ರಿತರಾಗಿ ಹೊರದೇಶ ಸೇರಿದವರ ಮನೆಗಳಲ್ಲಿ ಬೆರಳು ಚುಚ್ಚಿ ಒಂದೊಂದು ಹನಿ ರಕ್ತ ಕಾರ್ಡಿಗೆ ಹಿಡಿಯಿತು. ಇಪ್ಪತ್ತು ಸಾವಿರಕ್ಕೂ ಹೆಚ್ಚು ನೆಂಟರು ಕೊಟ್ಟರು. ಗೋರಿಯಿಂದ ಬಂದ ಪ್ರತಿ ಮೂಳೆಯ ಪ್ರೊಫೈಲನ್ನು ಆ ರಾಶಿಯ ಎದುರು ಹಿಡಿದರು. ಪೂರ್ವಜರ ತಾಣ ಬೇಕಾಗಲಿಲ್ಲ, ನಾಲ್ಕು ಸಾವಿರ ಜನರ ವಂಶವೃಕ್ಷ ಬೇಕಾಗಲಿಲ್ಲ. ಕೆಲವೇ ಜಾಗಗಳ ಸಾದಾ ಪ್ರೊಫೈಲೇ ಸಾಕಾಯಿತು. 2001ರ ಕೊನೆಗೆ ಈ ಕ್ರಮದಲ್ಲಿ ಮೊದಲ ಹೆಸರು ಬಂತು. ಇಂದು ಸುಮಾರು 7,000 ಮಂದಿಗೆ ಹೆಸರು ಮರಳಿದೆ.

ಅಲ್ಲಿನ ತಾಯಂದಿರ ಮುಂದೆ ಬಂದ ಒಂದು ಪ್ರಶ್ನೆ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಮಗನ ಎರಡೇ ಮೂಳೆ ಸಿಕ್ಕಿವೆ. ಈಗಲೇ ಮಣ್ಣು ಮಾಡುತ್ತೀರಾ, ಉಳಿದವು ಸಿಗುವವರೆಗೆ ಕಾಯುತ್ತೀರಾ? ಮುಂದೆ ಇನ್ನೊಂದು ಗುಂಡಿಯಲ್ಲಿ ಮತ್ತೇನಾದರೂ ಸಿಕ್ಕರೆ ನಿಮಗೆ ತಿಳಿಸಬೇಕೋ ಬೇಡವೋ? ಕೆಲವರು ಕಾದರು, ಕೆಲವರು ಇದ್ದಷ್ಟನ್ನು ಪೊಟೊಚಾರಿಯ ಸ್ಮಶಾನದಲ್ಲಿ ಮಣ್ಣು ಮಾಡಿದರು. ಪ್ರತಿ ವರ್ಷ ಜುಲೈ 11ರಂದು ಅಲ್ಲಿ ಹೊಸದಾಗಿ ಗುರುತು ಸಿಕ್ಕವರ ಅಂತ್ಯಸಂಸ್ಕಾರ ನಡೆಯುತ್ತದೆ.

ನಮ್ಮ ಪತ್ರಿಕೆಗಳ ಒಳಪುಟದಲ್ಲಿ ‘ಅಪರಿಚಿತ ಶವ ಪತ್ತೆ’ ಎಂಬ ನಾಲ್ಕು ಸಾಲು ಬರುತ್ತದಲ್ಲ: ಸುಮಾರು ನಲವತ್ತು ವರ್ಷ, ಐದೂವರೆ ಅಡಿ ಎತ್ತರ, ಎಣ್ಣೆಗೆಂಪು ಮೈಬಣ್ಣ, ಕೋಲುಮುಖ, ಬಲಗೈ ಮೇಲೆ ಹಚ್ಚೆ, ವಾರಸುದಾರರಿದ್ದಲ್ಲಿ ಠಾಣೆಯನ್ನು ಸಂಪರ್ಕಿಸಿ. ರೈಲು ಹಳಿ, ಕೆರೆ, ಬಸ್ ನಿಲ್ದಾಣ, ಕಾಲುವೆಯಲ್ಲಿ ಸಿಕ್ಕವರು. ಅಸಹಜ ಸಾವೆಂದು ಯುಡಿಆರ್ ದಾಖಲಾಗುತ್ತದೆ, ಪಂಚನಾಮೆ ಆಗುತ್ತದೆ, ಕೆಲವು ದಿನ ಶವಾಗಾರದಲ್ಲಿಟ್ಟು ಯಾರೂ ಬಾರದಿದ್ದರೆ ಸಾಮಾನ್ಯವಾಗಿ ಹೂಳುತ್ತಾರೆ. ದೇಶದಲ್ಲಿ ವರ್ಷವೂ ಹೀಗೆ ಸಾವಿರಾರು. ಇನ್ನೊಂದು ಜಿಲ್ಲೆಯ, ಇನ್ನೊಂದು ರಾಜ್ಯದ ಠಾಣೆಯಲ್ಲಿ ಅದೇ ವ್ಯಕ್ತಿಯ ಮನೆಯವರು ಕಾಣೆ ದೂರು ಕೊಟ್ಟಿರುತ್ತಾರೆ. ಕೆಲಸ ಹುಡುಕಿ ಬೆಂಗಳೂರಿಗೆ ಬಂದ ಒಡಿಶಾದ ಹುಡುಗ, ಮಾತು ಬಾರದ ರಾಜ್ಯದಲ್ಲಿ ರೈಲಿನಿಂದ ಬಿದ್ದ ರಾಯಚೂರಿನ ಕೂಲಿ ಇಂಥವರ ಎರಡು ಕಡತಗಳು ಒಂದು ಮೇಜಿಗೆ ಬರುವುದೇ ಇಲ್ಲ. ಮನೆಯಲ್ಲಿ ಉಳಿದವಳು ಏಳು ವರ್ಷ ಕಾದು, ಕೋರ್ಟಿಗೆ ಹೋಗಿ, ಗಂಡ ಸತ್ತನೆಂದು ಭಾವಿಸಬಹುದೆಂಬ ಆದೇಶ ತರಬೇಕು. ಅಲ್ಲಿಯವರೆಗೆ ಪಿಂಚಣಿಯಿಲ್ಲ, ವಿಮೆಯ ಹಣವಿಲ್ಲ, ಜಮೀನಿನ ಖಾತೆ ಬದಲಾಗುವುದಿಲ್ಲ.

ಇದಕ್ಕೊಂದು ವ್ಯವಸ್ಥೆ ಬೇಕೆಂದು ಲೋಕನೀತಿ ಫೌಂಡೇಷನ್ ಎಂಬ ಸಂಸ್ಥೆ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಮಸೂದೆ ತರುತ್ತೇವೆಂದು ಕೇಂದ್ರ ಹೇಳಿದ ಮೇಲೆ 2018ರಲ್ಲಿ ಅರ್ಜಿ ಇತ್ಯರ್ಥವಾಯಿತು. 2019ರಲ್ಲಿ ಡಿಎನ್‌ಎ ತಂತ್ರಜ್ಞಾನ ನಿಯಂತ್ರಣ ಮಸೂದೆ ಲೋಕಸಭೆಗೆ ಬಂತು. ಅದರಲ್ಲಿ ಕಾಣೆಯಾದವರ ಪಟ್ಟಿ, ಅಪರಿಚಿತ ಮೃತರ ಪಟ್ಟಿ ಎರಡೂ ಇದ್ದವು. ಅದು ಹೇಳಿದ ಡಿಎನ್‌ಎ ಬ್ಯಾಂಕಿನಲ್ಲಿ ಅವುಗಳ ಜೊತೆಗೆ ಅಪರಾಧ ಸ್ಥಳದ, ಆರೋಪಿಗಳ, ಅಪರಾಧಿಗಳ ಪಟ್ಟಿಗಳೂ ಇದ್ದವು. ಸಂಸದೀಯ ಸ್ಥಾಯಿ ಸಮಿತಿಯ 2021ರ ವರದಿಯಲ್ಲಿ ದುರುಪಯೋಗದ ಆತಂಕ ದಾಖಲಾಯಿತು. 2023ರ ಜುಲೈನಲ್ಲಿ ಸರ್ಕಾರ ಮಸೂದೆಯನ್ನೇ ಹಿಂಪಡೆಯಿತು.

ಆತಂಕ ಸುಳ್ಳಲ್ಲ. ಕಾಣೆಯಾದ ಮಗನಿಗಾಗಿ ಎಂಜಲು ಕೊಟ್ಟ ತಾಯಿಯ ಪ್ರೊಫೈಲನ್ನು ನಾಳೆ ಯಾವುದೋ ಕಳ್ಳತನದ ಸ್ಥಳದಲ್ಲಿ ಸಿಕ್ಕ ರಕ್ತದ ಜೊತೆ ತಾಳೆ ನೋಡುವಂತಿದ್ದರೆ ಬಡವರು ಠಾಣೆಯ ಮೆಟ್ಟಿಲು ಹತ್ತುವುದಿಲ್ಲ. ಆದರೆ ಅದಕ್ಕಾಗಿ ಐದೂ ಪಟ್ಟಿಗಳನ್ನು ಒಟ್ಟಿಗೆ ಕೈಬಿಡಬೇಕಿರಲಿಲ್ಲ. ಕಾಣೆಯಾದವರ, ಅಪರಿಚಿತ ಮೃತರ ಪಟ್ಟಿಗಳೆರಡನ್ನು ಬೇರೆ ಮಾಡಿ, ಪೊಲೀಸ್ ಇಲಾಖೆಯ ಹೊರಗಿನ ಸಂಸ್ಥೆಯ ಕೈಗೆ ಕೊಟ್ಟು, ಈ ಮಾದರಿಗಳನ್ನು ಅಪರಾಧ ತನಿಖೆಗೆ ಎಂದಿಗೂ ಬಳಸುವಂತಿಲ್ಲ ಎಂದು ಕಾಯ್ದೆಯಲ್ಲೇ ಬರೆಯಬಹುದು. ಬೋಸ್ನಿಯಾದಲ್ಲಿ ನೆಂಟರು ಆ ಪ್ರಮಾಣದಲ್ಲಿ ರಕ್ತ ಕೊಡಲು ಮುಂದೆ ಬಂದದ್ದು ಹುಡುಕಾಟ ತಮ್ಮವರದ್ದೇ ಎಂಬ ನಂಬಿಕೆ ಅವರಲ್ಲಿದ್ದುದರಿಂದ.

ಮೊದಲು ಆಗಬೇಕಾದ ಕೆಲಸಕ್ಕೆ ಹೊಸ ಯಂತ್ರವೂ ಬೇಡ. ಹೂಳುವ ಪ್ರತಿ ಅಪರಿಚಿತ ಶವದಿಂದ ಒಂದು ಹಲ್ಲೋ ಮೂಳೆಯ ಚೂರೋ ತೆಗೆದು, ಯುಡಿಆರ್ ಸಂಖ್ಯೆ ಬರೆದು, ಒಣಗಿಸಿ ಇಡುವುದು ಕಡ್ಡಾಯವಾಗಬೇಕು. ಫಾರ್ಮಲಿನ್‌ನಲ್ಲಿ ಹಾಕಬಾರದು, ಅದರಿಂದ ಡಿಎನ್‌ಎ ಕೆಡುತ್ತದೆ. ಎಲ್ಲಿ ಹೂತರೆಂಬುದು ಕಡತದಲ್ಲಿರಬೇಕು. ಅತ್ತ, ಕಾಣೆ ದೂರು ಕೊಟ್ಟು ವರ್ಷಗಳಾದರೂ ಸುಳಿವು ಸಿಗದ ಮನೆಗಳಿಗೆ ಹೋಗಿ, ಒಪ್ಪಿದವರಿಂದ ಮಾದರಿ ಪಡೆಯಬೇಕು. ತಂದೆ ತಾಯಿ ಇಬ್ಬರೂ ಇದ್ದರೆ ಉತ್ತರ ಗಟ್ಟಿ. ಒಬ್ಬರೇ ಇದ್ದರೆ ಜೊತೆಗೆ ಕಾಣೆಯಾದವರ ಮಕ್ಕಳದೋ ಒಡಹುಟ್ಟಿದವರದೋ ಬೇಕು. ಒಡಹುಟ್ಟಿದವರೇ ಗತಿಯಾದರೆ ಇಬ್ಬರು ಮೂವರದು ತೆಗೆದರೆ ಒಳ್ಳೆಯದು. ಹತ್ತಿಪ್ಪತ್ತು ವರ್ಷದ ಹಿಂದೆ ಕಾಣೆಯಾದವರ ತಂದೆ ತಾಯಿಯರಿಗೆ ಈಗ ಎಪ್ಪತ್ತು ದಾಟಿದೆ. ಆ ಮನೆಗಳಿಂದಲೇ ಶುರು ಮಾಡಬೇಕು, ಮಸೂದೆ ಮತ್ತೆ ಬರುವವರೆಗೂ ಕಾಯದೆ.